ಒಗ್ಗರಣೆಯ ಮೆಂತ್ಯ, ಲೋಟದ ಮೆಂತ್ಯ: ಬಸುರಿಯ ಅಡುಗೆಯಲ್ಲಿ ಸೊಪ್ಪು, ಮಸಾಲೆ

(ದಾವಣಗೆರೆಯಲ್ಲಿ ಗರ್ಭಿಣಿಯರು, ಅವರ ಮನೆಯ ಹಿರಿಯರು ಹಾಗೂ ಆಶಾ, ಅಂಗನವಾಡಿ ಕಾರ್ಯಕರ್ತೆಯರ ಎದುರು ಆಡಿದ ಮಾತುಗಳ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಬಸುರಿ ಇರುವ ಮನೆಯಲ್ಲಿ ದಿನಕ್ಕೊಂದು ಸಲವಾದರೂ ಒಂದು ಪ್ರಶ್ನೆ ಏಳುತ್ತದೆ. ಇದನ್ನು ತಿನ್ನಬಹುದೋ, ಬಾರದೋ? ಮೆಂತ್ಯ ಉಷ್ಣ ಅಂತ ಅತ್ತೆ, ಏನೂ ಆಗಲ್ಲ ಅಂತ ತವರುಮನೆಯವರು. ಮೊಬೈಲ್ ತೆರೆದರೆ ಅದು ಮೂರನೆಯದೇ ಮಾತು ಹೇಳುತ್ತದೆ. ಪ್ರಶ್ನೆ ಹೀಗೆ ಕೇಳಿದರೆ ಸರಿಯಾದ ಉತ್ತರ ಸಿಗುವುದಿಲ್ಲ. ಗಿಡದ ಯಾವ ಭಾಗ, ಎಷ್ಟು, ಹೇಗೆ ಮಾಡಿದ್ದು, ಎಷ್ಟು ದಿನ? ಈ ನಾಲ್ಕು ಗೊತ್ತಾದ ಮೇಲೆ ಉತ್ತರ ಹೆಚ್ಚುಕಡಿಮೆ ತಾನಾಗೇ ಬರುತ್ತದೆ.

ಮೆಂತ್ಯವನ್ನೇ ತೆಗೆದುಕೊಳ್ಳೋಣ. ನಾಲ್ಕು ಪಾವು ಅಕ್ಕಿ ನೆನೆಸುವಾಗ ಒಂದು ಟೀ ಚಮಚ ಮೆಂತ್ಯ ಹಾಕುತ್ತೀರಿ. ಅದು ಸುಮಾರು 4 ಗ್ರಾಂ. ಆ ಹಿಟ್ಟಿನಲ್ಲಿ ಇಪ್ಪತ್ತು ದೋಸೆಗೆ ಕಡಿಮೆ ಆಗುವುದಿಲ್ಲ. ಒಂದು ದೋಸೆಯಲ್ಲಿ ಕಾಲು ಗ್ರಾಂ ಕೂಡ ಇಲ್ಲ. ಮೂರು ದೋಸೆ ತಿಂದರೂ ಒಂದು ಗ್ರಾಂ ದಾಟುವುದಿಲ್ಲ. ಅದೇ ಮನೆಯಲ್ಲಿ ಸಕ್ಕರೆ ಅಂಶ ಇಳಿಯಲಿ ಎಂದು ರಾತ್ರಿ ಎರಡು ಚಮಚ ಮೆಂತ್ಯ ನೆನೆಸಿ, ಬೆಳಗ್ಗೆ ಖಾಲಿ ಹೊಟ್ಟೆಗೆ ನೀರು ಕುಡಿದು ಕಾಳನ್ನೂ ಅಗಿದು ನುಂಗಿದರೆ ಅದು 8 ಗ್ರಾಂ, ಅದೂ ದಿನಾ. ಸಕ್ಕರೆ ಇಳಿಸುವುದಕ್ಕೆ ಮೆಂತ್ಯದ ಮೇಲೆ ನಡೆದ ಪ್ರಯೋಗಗಳಲ್ಲಿ ಕೊಟ್ಟದ್ದು ಹೆಚ್ಚುಕಡಿಮೆ ಈ ಅಳತೆಯಿಂದ ಮೇಲಕ್ಕೆ. ಅಂದರೆ ಇದು ಅಡುಗೆ ಅಲ್ಲ, ಔಷಧದ ಅಳತೆ. ಗರ್ಭಿಣಿ ಆಗಲೇ ಸಕ್ಕರೆ ಇಳಿಸುವ ಮೆಟ್‌ಫಾರ್ಮಿನ್ ಅಥವಾ ಇನ್ಸುಲಿನ್ ಮೇಲಿದ್ದರೆ ಸಕ್ಕರೆ ಬೇಕಾದ್ದಕ್ಕಿಂತ ಕೆಳಗೆ ಹೋಗಬಹುದು. ಮೈ ಬೆವರುತ್ತದೆ, ಕೈ ನಡುಗುತ್ತದೆ, ಕಣ್ಣು ಕತ್ತಲೆ ಬರುತ್ತದೆ. ಹೆಚ್ಚು ಪ್ರಮಾಣ ಕೊಟ್ಟ ಪ್ರಾಣಿ ಪ್ರಯೋಗಗಳಲ್ಲಿ ಗರ್ಭಕೋಶದ ಸ್ನಾಯು ಬಿಗಿದದ್ದೂ, ಮರಿಗಳ ತೂಕ ಇಳಿದದ್ದೂ ಕಂಡಿದೆ. ಆದ್ದರಿಂದ ದೋಸೆ, ಒಗ್ಗರಣೆ, ಸಾರಿನ ಪುಡಿ, ಮೆಂತ್ಯ ಸೊಪ್ಪಿನ ಪಲ್ಯ ಇವೆಲ್ಲ ಧಾರಾಳವಾಗಿ ಸರಿ. ಮೆಂತ್ಯ ನೀರು, ಮೆಂತ್ಯ ಪುಡಿಯ ಕ್ಯಾಪ್ಸೂಲ್ ಬೇಡ. ಕಡಲೆ, ಶೇಂಗಾ ತಿಂದರೆ ಮೈ ದದ್ದೇಳುವವರು ಮೆಂತ್ಯದ ಬಗ್ಗೆಯೂ ಸ್ವಲ್ಪ ಹುಷಾರಾಗಿರಬೇಕು, ಇವೆಲ್ಲ ಒಂದೇ ಕುಟುಂಬದ ಗಿಡಗಳು.

ಇನ್ನೊಂದು ವಿಷಯ ನರ್ಸ್‌ಗಳೂ ಕೇಳಿಸಿಕೊಳ್ಳಲಿ. ಹೆರಿಗೆಯ ಹೊತ್ತಿಗೆ ತಾಯಿ ತುಂಬಾ ಮೆಂತ್ಯ ತಿಂದಿದ್ದರೆ ಮಗುವಿನ ಮೂತ್ರಕ್ಕೆ, ಬೆವರಿಗೆ ಸುಟ್ಟ ಸಕ್ಕರೆಯಂಥ ಸಿಹಿ ವಾಸನೆ ಬರುತ್ತದೆ. ಮೇಪಲ್ ಸಿರಪ್ ಮೂತ್ರ ಕಾಯಿಲೆ ಎಂಬ ಹುಟ್ಟು ಕಾಯಿಲೆಯ ಗುರುತೂ ಅದೇ ವಾಸನೆ. ಮೆಂತ್ಯ ತಿಂದದ್ದನ್ನು ಮೊದಲೇ ಹೇಳಿದ್ದರೆ ಎಳೆಗೂಸಿಗೆ ಬೇಡದ ಪರೀಕ್ಷೆ ತಪ್ಪುತ್ತದೆ.

ನಮ್ಮ ಕಡೆ ಆಗುವ ದೊಡ್ಡ ಗೊಂದಲ ಬಸುರಿಯ ಊಟಕ್ಕೂ ಬಾಣಂತಿಯ ಊಟಕ್ಕೂ ನಡುವಿನದು. ಅಳ್ವಿ ಬೀಜದ ಪಾಯಸ, ಅಂಟಿನುಂಡೆ, ಮೆಂತ್ಯದ ಹಿಟ್ಟಿನ ಉಂಡೆ, ಓಂಕಾಳಿನ ಕಷಾಯ, ಇವು ಹೆರಿಗೆ ಆದ ಮೇಲಿನವು. ಹಿಂದಿನವರು ಅಳ್ವಿಯನ್ನು ಬಸುರಿಗೆ ಕೊಡದೆ ಬಾಣಂತಿಗೆ ಎತ್ತಿಡುತ್ತಿದ್ದರು, ಅದು ಸರಿಯಾದ ಪದ್ಧತಿ. ಈಗ ಅದೇ ಉಂಡೆಗಳು ಅಂಗಡಿಯಲ್ಲಿ ಡಬ್ಬಿಯೊಳಗೆ ಸಿಗುತ್ತವೆ, "ಶಕ್ತಿಗೆ ಒಳ್ಳೇದು" ಎಂದು ಏಳನೇ ತಿಂಗಳಿಗೇ ಶುರುವಾಗುತ್ತದೆ. ಸೀಮಂತಕ್ಕೆ ಬಂದವರು ಕೊಟ್ಟರೂ ಡಬ್ಬಿ ಎತ್ತಿಡಿ, ಮೂರು ತಿಂಗಳು ಕಾಯಲಿ.

ಕಷಾಯದ ಪಾತ್ರೆ

ನಾಲ್ಕು ಲೋಟ ನೀರಿಗೆ ಪುಡಿ ಹಾಕಿ ಕುದಿಸಿ ಒಂದು ಲೋಟಕ್ಕೆ ಇಳಿಸುತ್ತೇವಲ್ಲ, ಆಗ ಹೋಗುವುದು ಬಹುಪಾಲು ನೀರು, ಸಾರ ಹೆಚ್ಚಾಗಿ ಪಾತ್ರೆಯಲ್ಲೇ ಉಳಿಯುತ್ತದೆ. ಸಾರಿಗೆ ಚಿಟಿಕೆ ಲೆಕ್ಕದಲ್ಲಿ ಬೀಳುವ ವಸ್ತು ಕಷಾಯಕ್ಕೆ ಚಮಚ ಲೆಕ್ಕದಲ್ಲಿ ಬೀಳುತ್ತದೆ. ಮನೆಯ ಕಷಾಯದ ಪುಡಿಯಲ್ಲಿ ಶುಂಠಿ, ಮೆಣಸು, ಹಿಪ್ಪಲಿ, ಚಕ್ಕೆ, ಲವಂಗ, ಜ್ಯೇಷ್ಠಮಧು ಇರುತ್ತವೆ. ಈ ಗುಂಪಿನಲ್ಲಿ ಬಸುರಿಗೆ ಪೂರ್ತಿ ದೂರ ಇಡಬೇಕಾದ್ದು ಒಂದಿದೆ, ಅದು ಜ್ಯೇಷ್ಠಮಧು. ಅತಿಮಧುರ ಅಂತಲೂ ಕರೆಯುತ್ತಾರೆ.

ಕಾರಣ ಹೀಗಿದೆ. ತಾಯಿಯ ರಕ್ತದಲ್ಲಿ ಕಾರ್ಟಿಸೋಲ್ ಎಂಬ ಒತ್ತಡದ ಹಾರ್ಮೋನ್ ಇರುತ್ತದೆ, ಗರ್ಭಿಣಿಯಲ್ಲಿ ಇನ್ನೂ ಹೆಚ್ಚು. ಅದು ಅಷ್ಟೂ ಮಗುವಿಗೆ ತಲುಪದಂತೆ ಮಾಸಿನಲ್ಲಿ, ಅಂದರೆ ಪ್ಲಾಸೆಂಟಾದಲ್ಲಿ, ಒಂದು ಕಿಣ್ವ ತಡೆ ಹಾಕುತ್ತದೆ. ಜ್ಯೇಷ್ಠಮಧುವಿನ ಸಿಹಿಗೆ ಕಾರಣವಾದ ಗ್ಲಿಸಿರೈಜಿನ್ ಎಂಬ ವಸ್ತು ಆ ಕಿಣ್ವದ ಕೈ ಕಟ್ಟಿಬಿಡುತ್ತದೆ. ಫಿನ್ಲೆಂಡಿನವರು ಜ್ಯೇಷ್ಠಮಧುವಿನ ಮಿಠಾಯಿ ತುಂಬಾ ತಿನ್ನುವ ಜನ. ಅಲ್ಲಿನ ಸಂಶೋಧಕರು 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಗರ್ಭಿಣಿಯಾಗಿದ್ದಾಗ ವಾರಕ್ಕೆ 500 ಮಿಲಿಗ್ರಾಂಗಿಂತ ಹೆಚ್ಚು ಗ್ಲಿಸಿರೈಜಿನ್ ಸೇವಿಸಿದ ತಾಯಂದಿರ ಮಕ್ಕಳು ಹನ್ನೆರಡು ಹದಿಮೂರರ ವಯಸ್ಸಿನ ಬುದ್ಧಿಮತ್ತೆ ಪರೀಕ್ಷೆಯಲ್ಲಿ ಸರಾಸರಿ 7 ಅಂಕ ಹಿಂದಿದ್ದರು. ಲೆಕ್ಕ ನಮ್ಮ ಕಷಾಯಕ್ಕೆ ಹಚ್ಚಿ ನೋಡಿ. ಬೇರಿನಲ್ಲಿ ನೂರಕ್ಕೆ ಐದು ಭಾಗ ಆ ವಸ್ತು ಇದೆ ಎಂದಿಟ್ಟುಕೊಂಡರೆ, 3 ಗ್ರಾಂ ಪುಡಿಯಲ್ಲಿ 150 ಮಿಲಿಗ್ರಾಂ. ಕೆಮ್ಮಿಗೆ ಅಂತ ನಾಲ್ಕು ದಿನ ಕುಡಿದರೆ ವಾರದ ಗೆರೆ ದಾಟಿತು. ಜೊತೆಗೆ ಇದು ಬಿಪಿ ಏರಿಸುತ್ತದೆ, ಪೊಟ್ಯಾಸಿಯಂ ಇಳಿಸುತ್ತದೆ. ತಾಯಿ ಕಾರ್ಡಿನಲ್ಲಿ ಬಿಪಿ ಏರುತ್ತಿರುವುದು ಕಂಡರೆ ಆಶಾ ಕಾರ್ಯಕರ್ತೆಯರು ಉಪ್ಪಿನ ಬಗ್ಗೆ ಕೇಳುವ ಹಾಗೆಯೇ ಕೆಮ್ಮಿನ ಕಷಾಯ, ಸಿಹಿ ಬೀಡಾ, ಗಂಟಲಿನ ಗುಳಿಗೆ ಬಗ್ಗೆಯೂ ಕೇಳಬೇಕು.

ಚಕ್ಕೆಯಲ್ಲಿ ಎರಡು ಜಾತಿ. ನಮ್ಮ ಅಂಗಡಿಗಳಲ್ಲಿ ಅಗ್ಗಕ್ಕೆ ಸಿಗುವುದು ದಪ್ಪನೆಯ, ಗಟ್ಟಿ ತೊಗಟೆಯ ಕ್ಯಾಸಿಯಾ. ಇನ್ನೊಂದು ಸಿಂಹಳದ ಚಕ್ಕೆ, ಕಾಗದದಷ್ಟು ತೆಳು, ಪದರ ಪದರವಾಗಿ ಸುರುಳಿ ಸುತ್ತಿರುತ್ತದೆ, ಬೆರಳಲ್ಲಿ ಒತ್ತಿದರೆ ಪುಡಿಯಾಗುತ್ತದೆ. ಕ್ಯಾಸಿಯಾದಲ್ಲಿ ಯಕೃತ್ತಿಗೆ ತೊಂದರೆ ಕೊಡುವ ಕೌಮರಿನ್ ಜಾಸ್ತಿ. ಜರ್ಮನಿಯ ಅಪಾಯ ಅಂದಾಜು ಸಂಸ್ಥೆಯ ಲೆಕ್ಕದಲ್ಲಿ 60 ಕಿಲೋ ತೂಕದವರಿಗೆ ದಿನಕ್ಕೆ 2 ಗ್ರಾಂ ಕ್ಯಾಸಿಯಾ ಪುಡಿಯೇ ಮಿತಿ, ಒಂದು ಚಮಚಕ್ಕೂ ಕಡಿಮೆ. ಪಲಾವಿಗೆ ಹಾಕಿದ ಒಂದಿಂಚು ಚೂರು ಮನೆಮಂದಿಗೆಲ್ಲ ಹಂಚಿಹೋಗುತ್ತದೆ, ಅದನ್ನು ತಟ್ಟೆಯ ಬದಿಗೂ ಇಡುತ್ತೇವೆ. ದಿನಾ ಚಕ್ಕೆ ಪುಡಿಯ ನೀರು ಕುಡಿಯುವುದು ಬೇರೆ ಮಾತು.

ಶುಂಠಿಗೆ ಮಾತ್ರ ಒಳ್ಳೆಯ ಸಾಕ್ಷ್ಯ ಇದೆ. ಎರಡನೇ, ಮೂರನೇ ತಿಂಗಳಿನ ವಾಕರಿಕೆಗೆ ದಿನಕ್ಕೆ ಒಟ್ಟು 1 ಗ್ರಾಂ ಒಣಶುಂಠಿ, ನಾಲ್ಕು ಪಾಲು ಮಾಡಿ ಕೊಟ್ಟ ಪ್ರಯೋಗಗಳಲ್ಲಿ ವಾಕರಿಕೆ ತಗ್ಗಿದೆ. 1 ಗ್ರಾಂ ಅಂದರೆ ಅರ್ಧ ಟೀ ಚಮಚ ಪುಡಿ. ಹಸಿಶುಂಠಿಯಾದರೆ ಹೆಬ್ಬೆರಳಿನ ತುದಿಯಷ್ಟು ಚೂರು. ಸಿಪ್ಪೆ ಹೆರೆದು, ಜಜ್ಜಿ, ಕುದ್ದ ನೀರು ಹೊಯ್ದು ಐದು ನಿಮಿಷ ಮುಚ್ಚಿಡಿ. ಒಲೆಯ ಮೇಲಿಟ್ಟು ಇಂಗಿಸಬೇಡಿ. ಗುಟುಕು ಗುಟುಕಾಗಿ, ಎರಡು ಮಂಡಕ್ಕಿ ಬಾಯಿಗೆ ಹಾಕಿಕೊಂಡ ಮೇಲೆ ಕುಡಿಯಿರಿ. ಬರೀ ಹೊಟ್ಟೆಗೆ ಕುಡಿದರೆ ಎದೆಯುರಿ ಶುರುವಾಗಿ ವಾಂತಿ ಇನ್ನೂ ಹೆಚ್ಚುತ್ತದೆ. ಆಸ್ಪಿರಿನ್ ಅಥವಾ ರಕ್ತ ತೆಳುವಾಗಿಸುವ ಇಂಜೆಕ್ಷನ್ ನಡೆಯುತ್ತಿದ್ದರೆ ಶುಂಠಿ, ಬೆಳ್ಳುಳ್ಳಿಯ ಕ್ಯಾಪ್ಸೂಲ್ ಬೇಡ, ಅಡುಗೆಯ ಶುಂಠಿ ಬೆಳ್ಳುಳ್ಳಿಗೆ ತಡೆ ಇಲ್ಲ. ಕುಡಿದ ನೀರೂ ನಿಲ್ಲದಷ್ಟು ವಾಂತಿ, ಎಂಟು ಗಂಟೆ ಕಾಲ ಮೂತ್ರವೇ ಇಲ್ಲ ಎನ್ನುವ ಸ್ಥಿತಿ ಬಂದರೆ ಶುಂಠಿ ಜಜ್ಜುತ್ತ ಕೂರಬೇಡಿ, ಆಸ್ಪತ್ರೆಗೆ ಹೋಗಿ ಡ್ರಿಪ್ ಹಾಕಿಸಬೇಕು.

ಅಮೃತಬಳ್ಳಿಯ ಬಗ್ಗೆ ಒಂದು ಮಾತು. ಕೊರೋನಾ ಕಾಲದಲ್ಲಿ ಅದು ಎಲ್ಲರ ಕಷಾಯಕ್ಕೂ ಸೇರಿತು. 2021ರಲ್ಲಿ ಮುಂಬೈಯ ವೈದ್ಯರು ಅದನ್ನು ಸೇವಿಸಿದ ಆರು ಮಂದಿಗೆ ಯಕೃತ್ತು ಊದಿಕೊಂಡದ್ದನ್ನು ವರದಿ ಮಾಡಿದರು. ಬಸುರಿಗೆ ಅದು ಬೇಡ. ಬಜೆಯೂ ಬೇಡ. ಅದರ ಎಣ್ಣೆಯಲ್ಲಿರುವ ಬೀಟಾ ಅಸರೋನ್ ಪ್ರಾಣಿಗಳಲ್ಲಿ ಗಡ್ಡೆ ತರುತ್ತದೆಂದು ಅಮೆರಿಕ 1968ರಲ್ಲೇ ಅದನ್ನು ಆಹಾರದಿಂದ ತೆಗೆದುಹಾಕಿತು. ಲೋಳೆಸರದ ಹಳದಿ ಹಾಲು, ಬೇವಿನ ಎಣ್ಣೆ, ಬೇವಿನೆಲೆಯ ರಸ ಇವೂ ಹೊರಗೆ. ಯುಗಾದಿಯ ಬೇವುಬೆಲ್ಲದ ಎರಡು ಎಸಳಿಗೆ ಯಾರೂ ಹೆದರಬೇಕಿಲ್ಲ.

ಅರಿಶಿನ: ಬಣ್ಣದ ಕಡೆ ನೋಡಿ

ಸಾರಿಗೆ ಕಾಲು ಚಮಚ, ರಾತ್ರಿ ಹಾಲಿಗೆ ಚಿಟಿಕೆ. ಈ ಅರಿಶಿನದಿಂದ ಗರ್ಭಕ್ಕೆ ಏನೂ ಆಗದು. ಅರಿಶಿನದ ಸಾರವಾದ ಕರ್ಕ್ಯುಮಿನ್‌ನ ಮಾತ್ರೆಗಳ ಮಾತೇ ಬೇರೆ, ಹಲವದರಲ್ಲಿ ಕಾಳುಮೆಣಸಿನ ಪೈಪರಿನ್ ಸೇರಿಸಿರುತ್ತಾರೆ. 1998ರಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಸಂಶೋಧಕರು 2 ಗ್ರಾಂ ಕರ್ಕ್ಯುಮಿನ್ ಜೊತೆ 20 ಮಿಲಿಗ್ರಾಂ ಪೈಪರಿನ್ ಕೊಟ್ಟಾಗ ರಕ್ತಕ್ಕೆ ಸೇರುವ ಕರ್ಕ್ಯುಮಿನ್ ಸುಮಾರು ಇಪ್ಪತ್ತು ಪಟ್ಟು ಏರಿತು. ಮಾತ್ರೆ ಮಾಡುವವರು ಇದನ್ನು ಹೊಗಳಿಕೊಳ್ಳುತ್ತಾರೆ. ಬಸುರಿಗೆ ಬೇಡ ಎನ್ನುವುದಕ್ಕೂ ಅದೇ ಕಾರಣ.

ಅರಿಶಿನದ ನಿಜವಾದ ಅಪಾಯ ಕಲಬೆರಕೆ. ಮಾಸಿದ ಕೊಂಬಿಗೆ ಹೊಳಪು ಬರಲೆಂದು ಸೀಸದ ಕ್ರೋಮೇಟ್ ಎಂಬ ಹಳದಿ ಬಣ್ಣ ಉಜ್ಜಿದ್ದು ಬಾಂಗ್ಲಾದೇಶದಲ್ಲೂ ಭಾರತದ ಕೆಲ ಮಾರುಕಟ್ಟೆಗಳಲ್ಲೂ ಸಿಕ್ಕಿದೆ. ಸೀಸ ಮಾಸನ್ನು ದಾಟಿ ಮಗುವಿನ ಮಿದುಳಿಗೆ ಹೋಗುತ್ತದೆ, ಇಷ್ಟಾದರೆ ಪರವಾಗಿಲ್ಲ ಎಂಬ ಮಟ್ಟ ಅದಕ್ಕಿಲ್ಲ. ಬಿಡಿ ಪುಡಿ ಕೊಳ್ಳಬೇಡಿ. ಕೊಂಬು ಕೊಂಡರೆ ಕಣ್ಣು ಕುಕ್ಕುವ ಹಳದಿಯದನ್ನು ಬಿಟ್ಟು ಮಣ್ಣು ಬಣ್ಣದ, ಮುರಿದರೆ ಒಳಗೆ ಕಿತ್ತಳೆ ಕಾಣುವ ಕೊಂಬನ್ನು ಆರಿಸಿ, ತೊಳೆದು ಒಣಗಿಸಿ ಗಿರಣಿಗೆ ಹಾಕಿಸಿ.

ಒಂದು ಕಟ್ಟು ಕೊತ್ತಂಬರಿ

ಕೊತ್ತಂಬರಿ, ಕರಿಬೇವು, ಸಬ್ಬಸಿಗೆ, ಪಾಲಕ್, ಮೆಂತ್ಯ ಸೊಪ್ಪು, ರಾಜಗಿರಿ, ನುಗ್ಗೆ ಎಲೆ ಇವೆಲ್ಲ ಬಸುರಿಗೆ ಬೇಕಾದವೇ. ಸಬ್ಬಸಿಗೆ ರೊಟ್ಟಿ, ನುಗ್ಗೆಸೊಪ್ಪಿನ ಸಾರು ಬಿಡಬೇಡಿ. ನುಗ್ಗೆಯ ಬೇರು, ತೊಗಟೆ ಮಾತ್ರ ಗರ್ಭ ಇಳಿಸಲು ಹಿಂದಿನಿಂದ ಬಳಸಿದ ವಸ್ತು, ಅದರ ಹತ್ತಿರ ಹೋಗಬೇಡಿ. ಸೊಪ್ಪಿನ ವಿಷಯದಲ್ಲಿ ನಮ್ಮ ಹೆದರಿಕೆ ತಪ್ಪು ಕಡೆಗಿದೆ. ಹೆದರಬೇಕಾದ್ದು ಎಲೆಗೆ ಅಂಟಿದ ಮಣ್ಣಿಗೆ, ನೀರಿಗೆ.

ಬೆಕ್ಕಿನ ಹೇಲಿನಿಂದ ಮಣ್ಣಿಗೆ ಬರುವ ಟಾಕ್ಸೊಪ್ಲಾಸ್ಮಾ ಎಂಬ ಪರೋಪಜೀವಿ ತೇವದ ಮಣ್ಣಿನಲ್ಲಿ ಒಂದು ವರ್ಷಕ್ಕೂ ಹೆಚ್ಚು ಕಾಲ ಬದುಕಿರಬಲ್ಲದು. ಗರ್ಭಿಣಿಗೆ ಮೊದಲ ಸಲ ತಗುಲಿದರೆ ಮಗುವಿನ ಕಣ್ಣು, ಮಿದುಳಿಗೆ ಪೆಟ್ಟು ಬೀಳಬಹುದು. ಕ್ಲೋರಿನ್ ನೀರಿಗೆ ಅದು ಬಗ್ಗುವುದಿಲ್ಲ, ಬಿಸಿಗೆ ಬಗ್ಗುತ್ತದೆ. ಚರಂಡಿ ನೀರು ಸೇರಿದ ಕಡೆಯಿಂದ ಹೆಪಟೈಟಿಸ್ ಇ ಬರುತ್ತದೆ. ಬೇರೆಯವರಿಗೆ ಬಂದು ಹೋಗುವ ಕಾಮಾಲೆ ಅದು. ಕೊನೆಯ ಮೂರು ತಿಂಗಳ ಗರ್ಭಿಣಿಗೆ ಬಂದರೆ ನೂರರಲ್ಲಿ ಇಪ್ಪತ್ತು, ಇಪ್ಪತ್ತೈದು ಮಂದಿಯ ಜೀವ ಹೋಗಬಹುದು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ.

ಈಗ ಕಟ್ಟನ್ನು ಕೈಗೆತ್ತಿಕೊಳ್ಳಿ. ಮೊದಲು ದಾರ ಬಿಚ್ಚಿ. ಕಟ್ಟಿದ ಹಾಗೇ ನಲ್ಲಿ ಕೆಳಗೆ ಹಿಡಿದರೆ ನಡುವಿನ ಕೆಸರಿಗೆ ನೀರೇ ತಾಗುವುದಿಲ್ಲ. ಬೇರನ್ನು ಒಂದಿಂಚು ಮೇಲಕ್ಕೆ ಕತ್ತರಿಸಿ ಬಿಸಾಡಿ, ಮಣ್ಣಿನ ಮುಕ್ಕಾಲು ಪಾಲು ಅಲ್ಲೇ ಹೋಯಿತು. ಹಳದಿ, ಲೋಳೆ ಎಲೆ ಆಯ್ದು ತೆಗೆಯಿರಿ. ಅಗಲದ ಬೋಗುಣಿಯಲ್ಲಿ ಸೊಪ್ಪು ತೇಲುವಷ್ಟು ನೀರು ತುಂಬಿ, ಮುಳುಗಿಸಿ ಆಡಿಸಿ, ಐದು ನಿಮಿಷ ಬಿಡಿ. ಮರಳು ತಳಕ್ಕೆ ಕೂರುತ್ತದೆ. ಆಮೇಲೆ ಸೊಪ್ಪನ್ನು ಕೈಯಲ್ಲಿ ಮೇಲಕ್ಕೆ ಎತ್ತಿಕೊಳ್ಳಿ. ಹೆಚ್ಚಿನವರು ತಪ್ಪುವುದು ಇಲ್ಲೇ: ಬೋಗುಣಿಯನ್ನೇ ಜರಡಿಗೆ ಬಗ್ಗಿಸಿದರೆ ತಳದ ಮರಳು ತಿರುಗಿ ಎಲೆಯ ಮೇಲೇ ಬೀಳುತ್ತದೆ. ನೀರು ಬದಲಿಸಿ ಮತ್ತೆರಡು ಸಲ ಹೀಗೇ ಮಾಡಿ, ತಳ ಬೆರಳಿಗೆ ಗರಗರ ಎನ್ನದ ತನಕ. ಕೊನೆಗೆ ಕುಡಿಯುವ ನೀರಲ್ಲಿ ಒಂದು ಸಲ. ಉಪ್ಪು, ಅರಿಶಿನ ಹಾಕಿದ ನೀರಿಗೆ ಹುಳ ಬಿಟ್ಟುಕೊಳ್ಳುತ್ತವೆ, ರೋಗಾಣು ಸಾಯುವುದಿಲ್ಲ. ಸೋಪು, ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಲೇಬಾರದು. ಹೆಚ್ಚುವುದು ತೊಳೆದ ಮೇಲೆ. ಪುದೀನ ಎಲೆಗೆ ಸುಕ್ಕು ಜಾಸ್ತಿ, ಕಡ್ಡಿಯಿಂದ ಎಲೆ ಬಿಡಿಸಿಕೊಂಡೇ ತೊಳೆಯಬೇಕು.

ಇಷ್ಟಾದರೂ ಬಸುರಿಯ ತಟ್ಟೆಗೆ ಹಸಿ ಸೊಪ್ಪು ಉದುರಿಸದಿದ್ದರೆ ವಾಸಿ. ಒಲೆ ಆರಿಸಿದ ಮೇಲೆ ಹಾಕುವ ಕೊತ್ತಂಬರಿಯನ್ನು ಆರಿಸುವ ಎರಡು ನಿಮಿಷ ಮೊದಲು ಹಾಕಿ, ಕುದಿ ಬರಲಿ. ಚಟ್ನಿಗೆ ಕೊತ್ತಂಬರಿ, ಪುದೀನ ಎರಡನ್ನೂ ಮೆಣಸಿನಕಾಯಿ ಜೊತೆ ಬಾಣಲೆಯಲ್ಲಿ ಪೂರ್ತಿ ಬಾಡುವಂತೆ ಹುರಿದು ರುಬ್ಬಿ, ತೆಳು ಮಾಡಲು ಕುದಿಸಿ ಆರಿಸಿದ ನೀರು ಹಾಕಿ. ಮೇಲೆ ಹಾಕಿದ ಒಗ್ಗರಣೆ ಒಳಗಿನ ಚಟ್ನಿಯನ್ನು ಬೇಯಿಸುವುದಿಲ್ಲ. ಆ ಹೊತ್ತಿನದು ಆ ಹೊತ್ತಿಗೇ ಮುಗಿಯಲಿ. ಲಿಸ್ಟೀರಿಯಾ ಎಂಬ ಬ್ಯಾಕ್ಟೀರಿಯಾ ಫ್ರಿಜ್ಜಿನ ತಂಪಿನಲ್ಲೂ ಬೆಳೆಯುತ್ತದೆ, ಅದು ಗರ್ಭಪಾತಕ್ಕೂ ಕಾರಣವಾಗಬಲ್ಲದು.

ದಾವಣಗೆರೆಯಲ್ಲಿ ಕೂತು ಬೆಣ್ಣೆ ದೋಸೆ ಬೇಡ ಎನ್ನುವ ಧೈರ್ಯ ನಮಗಿಲ್ಲ, ಅದರ ಅಗತ್ಯವೂ ಇಲ್ಲ. ಕಾವಲಿಯಿಂದ ಇಳಿದ ದೋಸೆ ಸುಡುಸುಡು ಇರುತ್ತದೆ, ಪಲ್ಯ ಬೆಂದದ್ದು. ಜೊತೆಗೆ ಬರುವ ನೀರು ಚಟ್ನಿಯ ನೀರು ಎಲ್ಲಿಯದು ಎಂಬುದೊಂದೇ ಪ್ರಶ್ನೆ. ಮಂಡಕ್ಕಿ ಮಿರ್ಚಿಯಲ್ಲೂ ಹಾಗೇ: ಮಿರ್ಚಿಯ ಹಿಟ್ಟಿಗೆ ಬಿದ್ದ ಚಿಟಿಕೆ ಓಂಕಾಳಿನಿಂದ ಏನೂ ಆಗದು, ಮಂಡಕ್ಕಿ ಮೇಲೆ ಉದುರಿಸಿದ ಹಸಿ ಈರುಳ್ಳಿ, ಕೊತ್ತಂಬರಿ ಯಾವಾಗ ಹೆಚ್ಚಿಟ್ಟದ್ದೋ ನೋಡಿ. ಸಂಜೆ ಮನೆಯಲ್ಲೇ ಕಲಸಿಕೊಂಡರೆ ಮುಗಿಯಿತು.

ಬೆರಕೆ ಸೊಪ್ಪಿನ ಕಾಲದಲ್ಲಿ ಇನ್ನೂ ಒಂದು ಎಚ್ಚರ ಬೇಕು. ಮಳೆ ಬಿದ್ದ ಮೇಲೆ ಹೊಲದ ಬದುವಿನಲ್ಲಿ ಅಣ್ಣೆ ಸೊಪ್ಪು, ಗೋಣಿ ಸೊಪ್ಪು ಕಿತ್ತು ಮಸ್ಸೊಪ್ಪು ಮಾಡುತ್ತೇವೆ. ನಮ್ಮ ಸೀಮೆ ಈಗ ಮೆಕ್ಕೆಜೋಳದ ಸೀಮೆ. ಬಿತ್ತಿದ ಒಂದೆರಡು ದಿನದಲ್ಲೇ ಅಟ್ರಜಿನ್ ಕಳೆನಾಶಕ ಹೊಡೆಯುತ್ತಾರೆ, ಅಡಿಕೆ ತೋಟಗಳಲ್ಲಿ ಗ್ಲೈಫೊಸೇಟ್. ಹೊಲದ ಒಡೆಯರನ್ನು ಕೇಳದೆ ಕೀಳಬೇಡಿ. ಉಮ್ಮತ್ತಿಯ ಎಳೆ ಸಸಿ ಬೇರೆ ಸೊಪ್ಪಿನೊಳಗೆ ಸೇರಿ ಬಂದರೆ ಗುರುತು ಹತ್ತುವುದಿಲ್ಲ. ತಿಂದವರಿಗೆ ಬಾಯಿ ಒಣಗಿ, ಕಣ್ಣು ಮಂಜಾಗಿ, ತಲೆ ಕೆಟ್ಟಂತಾಗುತ್ತದೆ. ಬೆರಕೆ ಸೊಪ್ಪನ್ನು ಎಲೆ ಎಲೆಯಾಗಿ ಬಿಡಿಸುವುದು ಗುರುತಿರುವ ಹಿರಿಯರ ಕೆಲಸ. ಸೊಸೆಗೆ ಅದನ್ನು ಬಿಡಬೇಡಿ.

ಉಳಿದವನ್ನು ಬೇಗ ಮುಗಿಸುತ್ತೇನೆ. ಪುದೀನ ಅನ್ನನಾಳದ ಬಾಗಿಲನ್ನು ಸಡಿಲ ಮಾಡುತ್ತದೆ, ಎದೆಯುರಿ ಇರುವವರು ರಾತ್ರಿ ಬಿಡಲಿ. ಪುದೀನದ ಎಣ್ಣೆ, ಕ್ಯಾಪ್ಸೂಲ್ ಯಾರಿಗೂ ಬೇಡ. ಬಡೇಸೊಪ್ಪು ಊಟದ ಮೇಲೆ ಚಿಟಿಕೆ ಸರಿ, ದಿನಾ ಅದರ ಚಹಾ ಬೇಡ. ಜೀರಿಗೆ, ಇಂಗು, ಸಾಸಿವೆ ಒಗ್ಗರಣೆಯ ಮಟ್ಟಿಗೆ ಸರಿ. ಜಾಯಿಕಾಯಿ ಪಾಯಸಕ್ಕೆ ಉಜ್ಜುವಷ್ಟೇ. 5 ಗ್ರಾಂ, ಅಂದರೆ ಒಂದು ಇಡೀ ಕಾಯಿಯಷ್ಟು, ಯಾರಿಗಾದರೂ ವಿಷವೇ.

ಕೇಳಿದ ಪ್ರಶ್ನೆಗಳು

*ಕೇಸರಿ ಹಾಲು ಕುಡಿದರೆ ಮಗು ಬೆಳ್ಳಗೆ ಹುಟ್ಟುತ್ತದಂತೆ?*

ಇಲ್ಲ. ಬಣ್ಣ ತಂದೆ ತಾಯಿಯ ವಂಶದಿಂದ ಬರುತ್ತದೆ. ರುಚಿಗೆ ನಾಲ್ಕೈದು ಎಳೆ ಹಾಕಿಕೊಳ್ಳಿ, ತೊಂದರೆ ಇಲ್ಲ. ಗ್ರಾಂಗಟ್ಟಲೆ ಕೇಸರಿ ವಿಷ, ಗರ್ಭಪಾತಕ್ಕೂ ದಾರಿ. ಆದರೆ ಆ ಬೆಲೆಗೆ ಅಷ್ಟು ಯಾರೂ ಹಾಕುವುದಿಲ್ಲ. ನಿಜವಾದ ತೊಂದರೆ ಕೇಸರಿ ಹೆಸರಲ್ಲಿ ಬರುವ ಕುಸುಬೆ ಹೂವಿನ ಎಸಳು. ಕುಸುಬೆ ಎಣ್ಣೆ ಅಡುಗೆಗೆ ಸರಿ, ಹೂವು ಮುಟ್ಟು ತರಿಸಲು ಬಳಸುವಂಥದ್ದು. ಬೆಚ್ಚಗಿನ ನೀರಿಗೆ ಎರಡು ಎಳೆ ಹಾಕಿ ನೋಡಿ. ಅಸಲಿ ಕೇಸರಿ ನಿಧಾನವಾಗಿ ಹೊಂಬಣ್ಣ ಬಿಡುತ್ತದೆ, ಎಳೆ ಕೆಂಪಾಗೇ ಉಳಿಯುತ್ತದೆ, ತುದಿ ಕಹಳೆಯಂತೆ ಅಗಲ. ಬಣ್ಣ ಹಚ್ಚಿದ್ದಾದರೆ ನೀರು ಕೂಡಲೇ ಕೆಂಪಾಗಿ ಎಳೆ ಬಿಳಿಚಿಕೊಳ್ಳುತ್ತದೆ.

*ತುಳಸಿ ತೀರ್ಥ ತೆಗೆದುಕೊಳ್ಳಬಹುದಾ?*

ತೀರ್ಥದ ಎರಡು ದಳ ತಾಯಿಗೂ ಮಗುವಿಗೂ ಲೆಕ್ಕಕ್ಕಿಲ್ಲ. ದಿನಾ ಹಿಡಿ ಎಲೆ ಕುದಿಸಿ ಕುಡಿಯುವುದು, ತುಳಸಿ ಅರ್ಕದ ಹನಿ, ಇವು ಬೇಡ.

*ಇಷ್ಟು ಸೊಪ್ಪು ತಿನ್ನುವವರಿಗೆ ಕಬ್ಬಿಣದ ಮಾತ್ರೆ ಯಾಕೆ?*

ಸೊಪ್ಪಿನ ಕಬ್ಬಿಣ ಮೈಗೆ ಹತ್ತುವುದು ಬಹಳ ಕಡಿಮೆ, ಫೋಲೇಟ್ ಬೇಯಿಸುವಾಗ ಹೋಗುತ್ತದೆ. ಮಾತ್ರೆಯಲ್ಲಿ 60 ಮಿಲಿಗ್ರಾಂ ಕಬ್ಬಿಣ, 500 ಮೈಕ್ರೋಗ್ರಾಂ ಫೋಲಿಕ್ ಆಮ್ಲ ಇದೆ. ನಾಲ್ಕನೇ ತಿಂಗಳಿಂದ 180 ದಿನ ದಿನಕ್ಕೊಂದು. ನುಂಗಿದ ಬೆನ್ನಿಗೇ ಚಹಾ, ಕಷಾಯ ಕುಡಿದರೆ ಅವುಗಳ ಒಗರು ಕಬ್ಬಿಣವನ್ನು ಕಟ್ಟಿಹಾಕುತ್ತದೆ. ಕ್ಯಾಲ್ಸಿಯಂ ಮಾತ್ರೆಗೂ ಇದಕ್ಕೂ ಎರಡು ಗಂಟೆ ಅಂತರ ಇರಲಿ. ಸೊಪ್ಪಿನ ಪಲ್ಯಕ್ಕೆ ಇಳಿಸಿದ ಮೇಲೆ ನಿಂಬೆ ಹಿಂಡಿ, ಅದರ ಕಬ್ಬಿಣ ಇನ್ನಷ್ಟು ಹತ್ತುತ್ತದೆ. ಥೈರಾಯ್ಡ್ ಮಾತ್ರೆ ಇದ್ದರೆ ಅದು ಬೆಳಗ್ಗೆ ಬರೀ ನೀರಿನ ಜೊತೆ, ಕಬ್ಬಿಣ ನಾಲ್ಕು ಗಂಟೆ ಆದ ಮೇಲೆ.

*ಬಸುರಿ ಅಂತ ಗೊತ್ತಾಗುವ ಮೊದಲು ಒಂದು ತಿಂಗಳು ತೂಕ ಇಳಿಸುವ ಕಷಾಯ ಕುಡಿದಿದ್ದೇನೆ. ಏನು ಮಾಡಲಿ?*

ಇವತ್ತಿಂದ ನಿಲ್ಲಿಸಿ. ಹೊಟ್ಟೆ ತೊಳೆದು ಹೋಗಲಿ ಎಂದು ಇನ್ನೇನೂ ತೆಗೆದುಕೊಳ್ಳಬೇಡಿ. ಪಾಕೀಟು ಬಿಸಾಡಬೇಡಿ, ಮುಂದಿನ ತಪಾಸಣೆಗೆ ಹೋಗುವಾಗ ತಾಯಿ ಕಾರ್ಡಿನ ಜೊತೆ ಅದನ್ನೂ ಒಯ್ಯಿರಿ. ಯಾವ ತಾರೀಕಿನಿಂದ ಯಾವ ತಾರೀಕಿನವರೆಗೆ, ದಿನಕ್ಕೆ ಎಷ್ಟು ಚಮಚ, ಕೊನೆಯ ಮುಟ್ಟು ಯಾವಾಗ ಎಂದು ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಅಷ್ಟಿದ್ದರೆ ವೈದ್ಯರು ಸ್ಕ್ಯಾನಿಂಗ್ ಯಾವ ವಾರಕ್ಕೆ, ಯಕೃತ್ತಿನ ರಕ್ತ ಪರೀಕ್ಷೆ ಬೇಕೋ ಬೇಡವೋ ಎಂದು ಹೇಳಬಲ್ಲರು. ನಡುವೆ ರಕ್ತ ಕಂಡರೆ, ಕಿಬ್ಬೊಟ್ಟೆ ಬಿಟ್ಟುಬಿಟ್ಟು ನೋಯತೊಡಗಿದರೆ, ಕಣ್ಣು, ಮೂತ್ರ ಹಳದಿಯಾದರೆ ತಪಾಸಣೆಯ ದಿನಕ್ಕೆ ಕಾಯದೆ 108ಕ್ಕೆ ಫೋನ್ ಮಾಡಿ.